ಕೊರಳೆಲುಬಿಗೆ ಯಾವ ಪ್ಲೇಟು? ಸ್ಟೀಲೋ ಟೈಟಾನಿಯಮ್ಮೋ ಎಂದು ಕೇಳುವ ಮೊದಲು

ಕಾಲರ್ ಬೋನ್, ಅಂದರೆ ಕೊರಳೆಲುಬು ಮುರಿದಿದೆ, ಆಪರೇಷನ್ ಮಾಡಿ ಪ್ಲೇಟು ಹಾಕಬೇಕು ಎಂದು ಡಾಕ್ಟರು ಹೇಳಿದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ ‘ಸ್ಟೀಲ್ ಹಾಕುವುದಾ, ಟೈಟಾನಿಯಂ ಹಾಕುವುದಾ?’ ಬಿಲ್ಲಿನಲ್ಲಿ ಕಣ್ಣಿಗೆ ಹೊಡೆಯುವ ವ್ಯತ್ಯಾಸ ಅದೇ ಆದ್ದರಿಂದ ಹಾಗೆ ಕೇಳುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಎಲುಬು ಕೂಡುತ್ತದೋ ಇಲ್ಲವೋ, ಮುಂದಿನ ಮಳೆಗಾಲದ ಹೊತ್ತಿಗೆ ಬೆನ್ನಿಗೆ ಪಂಪು ಕಟ್ಟಿ ತೋಟಕ್ಕೆ ಮದ್ದು ಬಿಡಲು ಆಗುತ್ತದೋ ಇಲ್ಲವೋ ಎಂಬುದು ಬೇರೆ ಸಂಗತಿಗಳ ಮೇಲೆ ನಿಂತಿದೆ. ಎಲುಬು ಎಲ್ಲಿ ಮುರಿದಿದೆ, ಎಷ್ಟು ಚೂರಾಗಿದೆ, ಪ್ಲೇಟು ಎಲುಬಿನ ಮೇಲುಮೈಯಲ್ಲಿ ಕೂರುತ್ತದೋ ಮುಂಬದಿಯಲ್ಲಿ ಕೂರುತ್ತದೋ, ಮುರಿತದ ಎರಡೂ ಕಡೆ ಎಷ್ಟು ಸ್ಕ್ರೂ ಗಟ್ಟಿಯಾಗಿ ಹಿಡಿದಿದೆ: ಇಷ್ಟು ತಿಳಿದ ಮೇಲೆ ಲೋಹದ ಮಾತು.

ಎಕ್ಸ್‌ರೇ ಸರಿಯಾಗಿ ತೆಗೆಸುವುದು

ಒಂದು ಫಿಲ್ಮು ಸಾಲದು. ಎದುರಿನಿಂದ ನೇರವಾಗಿ ಒಂದು, ಕಿರಣವನ್ನು 15ರಿಂದ 30 ಡಿಗ್ರಿ ತಲೆಯ ಕಡೆಗೆ ವಾಲಿಸಿ ಇನ್ನೊಂದು ಬೇಕು. ಎರಡನೆಯದರಲ್ಲಿ ಕೊರಳೆಲುಬು ಪಕ್ಕೆಲುಬುಗಳ ನೆರಳಿನಿಂದ ಬಿಡಿಸಿಕೊಂಡು ಸ್ಪಷ್ಟವಾಗಿ ಕಾಣುತ್ತದೆ. ನಿಂತುಕೊಂಡೋ ಕೂತುಕೊಂಡೋ ತೆಗೆಸಿ. ಮಲಗಿಸಿ ತೆಗೆದರೆ ಕೈಯ ಭಾರ ಕೆಳಗೆ ಎಳೆಯುವುದಿಲ್ಲ, ತುಂಡುಗಳು ಹತ್ತಿರ ಹತ್ತಿರ ಇದ್ದಂತೆ ಕಂಡು ಎಲ್ಲರನ್ನೂ ಮೋಸಗೊಳಿಸುತ್ತವೆ. ಎಡಬಲದ ಎರಡೂ ಎಲುಬು ಒಂದೇ ಫಿಲ್ಮಿನಲ್ಲಿ ಬಂದರೆ ಮುರಿದದ್ದು ಎಷ್ಟು ಗಿಡ್ಡವಾಗಿದೆ ಎಂದು ಅಳೆಯಬಹುದು. ಆ ಮಿಲಿಮೀಟರ್ ಲೆಕ್ಕವೇ ಮುಂದಿನ ಮಾತಿಗೆ ಆಧಾರ.

ಎಲುಬು ಚರ್ಮ ಹರಿದು ಹೊರಬಂದಿದ್ದರೆ, ಒಳಗಿನಿಂದ ಚುಚ್ಚಿ ಚರ್ಮ ಬಿಳಿಚಿಕೊಂಡಿದ್ದರೆ, ಕೈಗೆ ರಕ್ತ ಹರಿಯದಿದ್ದರೆ ಆಪರೇಷನ್ ಬೇಕೋ ಬೇಡವೋ ಎಂಬ ಚರ್ಚೆಯೇ ಇಲ್ಲ. ಉಳಿದವರಲ್ಲಿ ತುಂಡುಗಳು ಒಂದಕ್ಕೊಂದು ತಾಗದಷ್ಟು ಸರಿದಿದ್ದರೆ, 1.5ರಿಂದ 2 ಸೆಂಟಿಮೀಟರಿಗಿಂತ ಹೆಚ್ಚು ಗಿಡ್ಡವಾಗಿದ್ದರೆ, ನಡುವಿನ ಚೂರು ನೆಟ್ಟಗೆ ಎದ್ದು ನಿಂತಿದ್ದರೆ ಪ್ಲೇಟಿನ ಮಾತು ಬರುತ್ತದೆ. ಕೆನಡಾದ ಎಲುಬು ತಜ್ಞರ ತಂಡ 2007ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ಹೀಗೆ ಪೂರ್ತಿ ಸರಿದ ನಡುಭಾಗದ ಮುರಿತಕ್ಕೆ ಪ್ಲೇಟು ಹಾಕಿಸಿಕೊಂಡ 62 ಮಂದಿಯಲ್ಲಿ 2 ಮಂದಿಗೆ, ಸ್ಲಿಂಗ್ (ಕೈಯನ್ನು ಕೊರಳಿಗೆ ತೂಗುಹಾಕುವ ಪಟ್ಟಿ) ಮಾತ್ರ ಹಾಕಿಕೊಂಡ 49 ಮಂದಿಯಲ್ಲಿ 7 ಮಂದಿಗೆ ಎಲುಬು ಕೂಡಲಿಲ್ಲ. ಇದನ್ನು ತಿರುಗಿಸಿಯೂ ಓದಬೇಕು: ಸ್ಲಿಂಗಿನಲ್ಲೇ 49ರಲ್ಲಿ 42 ಮಂದಿಗೆ ಕೂಡಿದೆ. ಹಾಗಾಗಿ ಪ್ಲೇಟು ಬೇಡ ಎನ್ನುವ ಡಾಕ್ಟರನ್ನು ಹಿಂದುಳಿದವರೆಂದು ತಿಳಿಯಬೇಡಿ. ಚಿಕ್ಕ ಮಕ್ಕಳಿಗಂತೂ ಬಹುಪಾಲು ಪ್ಲೇಟಿನ ಗೊಡವೆಯೇ ಬೇಡ.

ಎರಡೂ ಹೆಗಲು ಸುತ್ತಿ ಬೆನ್ನಿನಲ್ಲಿ ಎಂಟರ ಆಕಾರದಲ್ಲಿ ಬಿಗಿಯುವ ಪಟ್ಟಿ ಸಾಮಾನ್ಯ ಸ್ಲಿಂಗಿಗಿಂತ ಉತ್ತಮವೇನಲ್ಲ. ಕಂಕುಳು ಒತ್ತಿ ನೋವು ಮಾತ್ರ ಜಾಸ್ತಿ. ಇನ್ನು ಎಣ್ಣೆ ಹಾಕಿ ತಿಕ್ಕಿಸುತ್ತಾ ದಿನ ಕಳೆಯಬೇಡಿ. ಆಪರೇಷನ್ ಬೇಕಾದ ಮುರಿತವಾದರೆ ಮೊದಲ ಎರಡು ವಾರದೊಳಗೆ ಮಾಡಿಸುವುದು ಲೇಸು. ಮೂರು ವಾರ ದಾಟಿದ ಮೇಲೆ ಹೊಸ ಎಲುಬಿನ ಗಂಟು ಕಟ್ಟಲು ಶುರುವಾಗಿರುತ್ತದೆ. ಅದನ್ನು ಕೆರೆದು ತುಂಡುಗಳನ್ನು ಬಿಡಿಸುವಾಗ ರಕ್ತ ಹೆಚ್ಚು ಹೋಗುತ್ತದೆ, ಉದ್ದ ಮರಳಿ ಸಿಗುವುದು ಕಷ್ಟವಾಗುತ್ತದೆ.

ನಡುಭಾಗದ ಮುರಿತ

ಕೊರಳೆಲುಬು ಮುರಿದ ಪ್ರತಿ ಹತ್ತು ಮಂದಿಯಲ್ಲಿ ಸುಮಾರು ಎಂಟು ಮಂದಿಗೆ ಮುರಿಯುವುದು ನಡುವಿನಲ್ಲಿ. ಎದೆಯ ಕಡೆಯ ಅರ್ಧ ಮುಂದಕ್ಕೆ ಉಬ್ಬಿ ದುಂಡಗಿದೆ, ಹೆಗಲಿನ ಕಡೆಯದು ಹಿಂದಕ್ಕೆ ಬಾಗಿ ಚಪ್ಪಟೆಯಾಗಿದೆ. ಎರಡೂ ಸೇರುವ ಜಾಗ ತೆಳ್ಳಗೆ, ಅಲ್ಲಿ ಹಿಡಿದಿಡುವ ಗಟ್ಟಿ ಅಸ್ಥಿರಜ್ಜುಗಳೂ ಇಲ್ಲ. ಮಳೆಗೆ ಬೈಕು ಜಾರಿ, ಪಾಚಿ ಹಿಡಿದ ಅಂಗಳದಲ್ಲಿ ಕಾಲು ತಪ್ಪಿ, ತೋಟದ ಸಂಕದಿಂದ ಉರುಳಿ ಹೆಗಲು ನೆಲಕ್ಕೆ ಬಡಿದರೆ ಪೆಟ್ಟು ಬಂದು ನಿಲ್ಲುವುದು ಇಲ್ಲಿಯೇ. ಇಲ್ಲಿಗೆ ಹಾಕುವ ಪ್ಲೇಟುಗಳಲ್ಲಿ ಮುಖ್ಯವಾದವು ಮೂರು ಬಗೆ.

ರೀಕನ್‌ಸ್ಟ್ರಕ್ಷನ್ ಪ್ಲೇಟು ಅಗ್ಗ. ಅಂಚಿನುದ್ದಕ್ಕೂ ಕಚ್ಚುಗಳಿರುವುದರಿಂದ ಅದನ್ನು ಯಾವ ದಿಕ್ಕಿಗೂ ಬಗ್ಗಿಸಬಹುದು, ಎಲುಬಿನ ಡೊಂಕಿಗೆ ಸರಿಯಾಗಿ ಕೂರಿಸಬಹುದು. ಕೊರತೆಯೂ ಅಲ್ಲೇ ಇದೆ. ಬಗ್ಗಿಸಲು ಸುಲಭವಾದದ್ದು ಕೈಯ ಭಾರಕ್ಕೂ ಬಗ್ಗುತ್ತದೆ. ಎರಡೇ ತುಂಡಾಗಿ ಮುರಿದು, ತುದಿಗಳು ಒಂದಕ್ಕೊಂದು ಒತ್ತಿ ನಿಂತು, ಕುಳಿತು ಮಾಡುವ ಕೆಲಸದ ಹಗುರ ಮೈಯವರಾದರೆ ಇದು ನಡೆದೀತು. ಮೂರು ನಾಲ್ಕು ಚೂರಾದ ಎಲುಬಿಗೆ, ಭಾರ ಎತ್ತುವ ದುಡಿಮೆಯವರಿಗೆ ಇದನ್ನು ಒಂಟಿಯಾಗಿ ಹಾಕುವುದು ಸಲ್ಲ. ಒಂದು ಮಿಲಿಮೀಟರ್ ದಪ್ಪದ ವನ್ ಥರ್ಡ್ ಟ್ಯೂಬ್ಯುಲರ್ ಪ್ಲೇಟನ್ನು ಯಾರಾದರೂ ಸೂಚಿಸಿದರೆ ಕಾರಣ ಕೇಳಿ. ಕೊರಳೆಲುಬಿನ ನಡುಭಾಗಕ್ಕೆ ಅದು ತೀರಾ ತೆಳು.

ಎರಡನೆಯದು ಕಂಪ್ರೆಷನ್ ಪ್ಲೇಟು, ಆಸ್ಪತ್ರೆಯ ಮಾತಿನಲ್ಲಿ ಎಲ್‌ಸಿ-ಡಿಸಿಪಿ. ಇದು ಗಟ್ಟಿ. ಇದರ ತೂತುಗಳು ಉದ್ದುದ್ದ, ಇಳಿಜಾರಿನವು. ತೂತಿನ ಒಂದು ಅಂಚಿಗೆ ಡ್ರಿಲ್ ಮಾಡಿ ಸ್ಕ್ರೂ ಬಿಗಿದರೆ ತಲೆ ಜಾರುತ್ತಾ ಎರಡು ತುಂಡುಗಳನ್ನು ಒಂದಕ್ಕೊಂದು ಒತ್ತುತ್ತದೆ. ಅಡ್ಡಡ್ಡ ಮುರಿದ ಎಲುಬಿಗೆ ಈ ಒತ್ತಡಕ್ಕಿಂತ ಒಳ್ಳೆಯದು ಇಲ್ಲ. ತೊಡಕು ಎಂದರೆ ಬಗ್ಗಿಸುವುದು. ನೇರ ಪಟ್ಟಿಯನ್ನು ಡೊಂಕು ಎಲುಬಿನ ಮೇಲೆ ಇಟ್ಟರೆ ತುದಿ ಹೊರಗೆ ಚಾಚುತ್ತದೆ, ಕೊನೆಯ ಸ್ಕ್ರೂ ಎಲುಬಿನ ಅಂಚನ್ನು ಮಾತ್ರ ಕಚ್ಚುತ್ತದೆ.

ಮೂರನೆಯದು ಮೊದಲೇ ಆಕಾರ ಕೊಟ್ಟು ಬರುವ ಲಾಕಿಂಗ್ ಪ್ಲೇಟು. ಎಡಕ್ಕೆ ಬೇರೆ, ಬಲಕ್ಕೆ ಬೇರೆ, ಹಲವು ಉದ್ದಗಳಲ್ಲಿ ಸಿಗುತ್ತದೆ. ಲಾಕಿಂಗ್ ಸ್ಕ್ರೂವಿನ ತಲೆಗೂ ಎಳೆಗಳಿದ್ದು ಅದು ಪ್ಲೇಟಿಗೇ ತಿರುಪಿಕೊಳ್ಳುತ್ತದೆ. ವಯಸ್ಸಾಗಿ ಎಲುಬು ಟೊಳ್ಳಾದವರಲ್ಲಿ, ಚೂರು ಚೂರಾದ ಮುರಿತದಲ್ಲಿ ಇದು ಬೆಲೆಗೆ ತಕ್ಕ ಕೆಲಸ ಮಾಡುತ್ತದೆ. ಗಟ್ಟಿ ಎಲುಬಿನ ಇಪ್ಪತ್ತೈದರ ಯುವಕನ ಸರಳ ಮುರಿತಕ್ಕೆ ಇದೇ ಪ್ಲೇಟಿನಲ್ಲಿ ಸಾಮಾನ್ಯ ಸ್ಕ್ರೂ ಹಾಕಿದರೂ ಸಾಕು. ಎಲ್ಲ ತೂತಿಗೂ ಲಾಕಿಂಗ್ ಸ್ಕ್ರೂ ತುಂಬುವುದರಿಂದ ಬಿಲ್ಲು ಬೆಳೆಯುತ್ತದೆಯೇ ಹೊರತು ಎಲುಬು ಬೇಗ ಕೂಡುವುದಿಲ್ಲ.

ಲಾಕಿಂಗಿನ ಬಗ್ಗೆ ಇನ್ನೊಂದು ಮಾತು. ಲಾಕಿಂಗ್ ಸ್ಕ್ರೂ ಎಲುಬನ್ನು ಪ್ಲೇಟಿನತ್ತ ಎಳೆಯುವುದಿಲ್ಲ. ಇದ್ದದ್ದನ್ನು ಇದ್ದಲ್ಲೇ ಹಿಡಿದಿಡುತ್ತದೆ. ತುಂಡುಗಳ ನಡುವೆ ಎರಡು ಮಿಲಿಮೀಟರ್ ಸಂದು ಇರುವಾಗ ಲಾಕ್ ಮಾಡಿದರೆ ಆ ಸಂದೂ ಲಾಕ್ ಆಗುತ್ತದೆ. ಆದ್ದರಿಂದ ಓರೆ ಮುರಿತವಿದ್ದರೆ ಮೊದಲು ಅದಕ್ಕೆ ಅಡ್ಡಲಾಗಿ, ಎರಡು ತುಂಡುಗಳನ್ನು ಒಂದಕ್ಕೊಂದು ಎಳೆದು ಬಿಗಿಯುವ ಒಂದು ಲ್ಯಾಗ್ ಸ್ಕ್ರೂ, ಆಮೇಲೆ ಪ್ಲೇಟನ್ನು ಎಲುಬಿಗೆ ಒತ್ತುವ ಸಾಮಾನ್ಯ ಸ್ಕ್ರೂ, ಲಾಕಿಂಗ್ ಕೊನೆಗೆ. ಪ್ಲೇಟು ಚೆನ್ನಾಗಿ ಕೂರಲಿಲ್ಲವೆಂದು ಎಳೆಗಳಿರುವ ತೂತಿನ ಜಾಗದಲ್ಲೇ ಬಗ್ಗಿಸಿದರೆ ಎಳೆ ಕೆಟ್ಟು ಸ್ಕ್ರೂ ಲಾಕ್ ಆಗದು. ಟೈಟಾನಿಯಮ್ಮನ್ನು ಹಿಂದೆ ಮುಂದೆ ಬಗ್ಗಿಸಿದರೆ ಆ ಜಾಗ ಸೊರಗುತ್ತದೆ. ‘ಮೊದಲೇ ಆಕಾರ ಕೊಟ್ಟದ್ದು’ ಎಂದ ಮಾತ್ರಕ್ಕೆ ಎಲ್ಲರ ಎಲುಬಿಗೂ ಹೊಂದುತ್ತದೆ ಎಂದೂ ಇಲ್ಲ. ಸಣ್ಣ ಮೈಕಟ್ಟಿನ ಹೆಂಗಸರಲ್ಲಿ ಹೊರತುದಿ ಎದ್ದು ನಿಲ್ಲುವುದುಂಟು.

ಮೇಲೆಯೋ, ಮುಂದೆಯೋ

ಪ್ಲೇಟಿನ ಜಾತಿಗಿಂತ ಇದು ನಿಮ್ಮ ದಿನನಿತ್ಯಕ್ಕೆ ಹತ್ತಿರದ ಪ್ರಶ್ನೆ.

ಎಲುಬಿನ ಮೇಲುಮೈಯಲ್ಲಿ ಕೂತ ಪ್ಲೇಟು ಕೈಯ ಭಾರವನ್ನು ಚೆನ್ನಾಗಿ ತಡೆಯುತ್ತದೆ. ತೋಳು ಕೆಳಗೆ ಜಗ್ಗಿದಾಗ ಎಲುಬಿನ ಮೇಲ್ಭಾಗ ಹಿಗ್ಗುತ್ತದೆ, ಪ್ಲೇಟು ಅಲ್ಲೇ ಇದ್ದರೆ ಆ ಎಳೆತವನ್ನು ತಾನು ಹೊರುತ್ತದೆ. ಎಲುಬಿನ ಕೆಳಭಾಗ ಪುಡಿಯಾಗಿದ್ದರೆ ಈ ಜಾಗಕ್ಕೇ ಒಲವು ಹೆಚ್ಚು. ಕಷ್ಟ ಎರಡು. ನಡುಭಾಗದಲ್ಲಿ ಡ್ರಿಲ್ ಮೇಲಿನಿಂದ ಕೆಳಗೆ ಇಳಿಯುತ್ತದೆ, ಕೆಳಗೆ ಹಿಂಬದಿಯಲ್ಲಿ ಕೈಗೆ ಹೋಗುವ ದೊಡ್ಡ ರಕ್ತನಾಳ, ನರಗಳ ಗೊಂಚಲು, ಶ್ವಾಸಕೋಶದ ತುದಿ ಇವೆ. ಡ್ರಿಲ್ ಎಲುಬಿನ ಎರಡನೇ ಗೋಡೆಯನ್ನು ದಾಟಿದ ಕ್ಷಣ ನಿಲ್ಲಬೇಕು. ಕೆಳಗೆ ತಡೆಪಟ್ಟಿ ಇಟ್ಟೇ ಕೊರೆಯುವುದು ರೂಢಿ. ಎರಡನೆಯದು, ಅಲ್ಲಿ ಚರ್ಮದ ಅಡಿಯಲ್ಲಿ ಮಾಂಸವೇ ಇಲ್ಲ. ಪ್ಲೇಟು ಕೈಗೆ ತಾಗುತ್ತದೆ, ತೆಳ್ಳಗಿನವರಲ್ಲಿ ಕಣ್ಣಿಗೂ ಕಾಣುತ್ತದೆ.

ಮುಂದೆ ಸ್ವಲ್ಪ ಕೆಳಬದಿಗೆ ಕೂರಿಸಿದ ಪ್ಲೇಟು ಮಾಂಸದ ಮರೆಯಲ್ಲಿ ಅಡಗುತ್ತದೆ. ಎಲುಬು ಮುಂದಿನಿಂದ ಹಿಂದಕ್ಕೆ ಹೆಚ್ಚು ದಪ್ಪವಿರುವುದರಿಂದ ಸ್ಕ್ರೂ ಉದ್ದವಾಗುತ್ತದೆ, ಹಿಡಿತವೂ ಹೆಚ್ಚು. ನಡುಭಾಗದಲ್ಲಿ ಡ್ರಿಲ್ಲಿನ ಮೊನೆ ಮೇಲಕ್ಕೆ ಹಿಂದಕ್ಕೆ ಹೋಗಿ ನಾಳಗಳನ್ನು ತಪ್ಪಿಸುತ್ತದೆ. ಎದೆಯ ಕಡೆಯ ಮೂರನೇ ಒಂದು ಭಾಗದಲ್ಲಿ ಮಾತ್ರ ಲೆಕ್ಕ ಉಲ್ಟಾ. ಅಲ್ಲಿ ದೊಡ್ಡ ಅಭಿಧಮನಿ ಎಲುಬಿನ ಬೆನ್ನಿಗೇ ಅಂಟಿದಂತಿದೆ, ಮುಂದಿನಿಂದ ಹಿಂದಕ್ಕೆ ಕೊರೆಯುವುದೇ ಅಪಾಯ. ಮುಂಬದಿಗೆ ಪ್ಲೇಟು ಕೂರಿಸಲು ಹೆಗಲು ಮತ್ತು ಎದೆಯ ಸ್ನಾಯುಗಳ ಕೆಲವು ಎಳೆಗಳನ್ನು ಎಬ್ಬಿಸಬೇಕಾಗುತ್ತದೆ ಎಂಬುದೊಂದು ಆಕ್ಷೇಪ. ಅವು ಮತ್ತೆ ಕೂಡುತ್ತವೆ.

ಎಲುಬು ಕೂಡುವ ವಿಷಯದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ವ್ಯತ್ಯಾಸ ಗೊತ್ತಾಗುವುದು ಆಮೇಲೆ. 16 ಲೀಟರಿನ ಪಂಪು ತುಂಬಿದರೆ ದ್ರಾವಣದ ಭಾರವೇ 16 ಕಿಲೋ, ಅದರ ಪಟ್ಟಿ ನೇರ ಕೊರಳೆಲುಬಿನ ಮೇಲೆ ಕೂರುತ್ತದೆ. ಕಳೆ ಕೊಚ್ಚುವ ಯಂತ್ರದ ಪಟ್ಟಿಯೂ ಅಲ್ಲೇ, ಅದರೊಂದಿಗೆ ಅದುರುವಿಕೆ ಬೇರೆ. ಅಡಿಕೆ ಗೊನೆ, ಹುಲ್ಲಿನ ಕಟ್ಟು ಹೊರುವವರು, ಬಲ ಹೆಗಲಿಗೆ ಸೀಟ್ ಬೆಲ್ಟ್ ಬರುವ ಟ್ಯಾಕ್ಸಿ ಚಾಲಕರು, ಒಳಉಡುಪಿನ ಪಟ್ಟಿ ಉಜ್ಜುವ ಹೆಂಗಸರು, ಇವರೆಲ್ಲ ‘ಮುಂಬದಿಗೆ ಹಾಕಲು ಬರುತ್ತದಾ?’ ಎಂದು ಕೇಳುವುದು ಒಳ್ಳೆಯದು. ಒತ್ತುತ್ತದೆ ಎಂಬ ಕಾರಣಕ್ಕೆ ಪ್ಲೇಟು ತೆಗೆಸುವ ಪ್ರಸಂಗ ಮುಂಬದಿಯಲ್ಲಿ ಕಡಿಮೆ. ನಿಮ್ಮ ಕೆಲಸ ಏನೆಂದು ಡಾಕ್ಟರಿಗೆ ಬಿಡಿಸಿ ಹೇಳಿ. ‘ಕೃಷಿ’ ಎಂದಷ್ಟೇ ಬರೆದರೆ ಯಾವ ಹೆಗಲಿಗೆ ಏನು ಹೊರುತ್ತೀರಿ ಎಂದು ತಿಳಿಯದು.

ಇನ್ನೊಂದು ದಾರಿ ಎರಡು ಚಿಕ್ಕ ಪ್ಲೇಟು: 2.7 ಮತ್ತು 2.4 ಮಿಲಿಮೀಟರ್ ಸ್ಕ್ರೂಗಳ ತೆಳು ಪಟ್ಟಿಗಳು, ಒಂದು ಮೇಲೆ, ಒಂದು ಮುಂದೆ. ಒಂದಕ್ಕೊಂದು ಅಡ್ಡಲಾಗಿ ನಿಂತು ಬಲ ಹಂಚಿಕೊಳ್ಳುತ್ತವೆ, ಚರ್ಮದಡಿ ಉಬ್ಬುವುದಿಲ್ಲ. ಕೆಲಸ ನಾಜೂಕಿನದು, ಸಾಮಾನು ಜಾಸ್ತಿ. ಎಲುಬಿನ ಒಳಗೆ ತೂರಿಸುವ ಟೈಟಾನಿಯಂ ಕಡ್ಡಿಯೂ ಇದೆ. ಗಾಯ ಪುಟ್ಟದು, ಆದರೆ ಚೂರಾದ ಎಲುಬು ಅದರ ಮೇಲೆ ಜಾರಿ ಮತ್ತೆ ಗಿಡ್ಡವಾಗುತ್ತದೆ. ಎದೆಯ ಬಳಿ ಕಡ್ಡಿಯ ತುದಿ ಚುಚ್ಚಿ ಕಿರಿಕಿರಿ ಮಾಡುವುದು ಸಾಮಾನ್ಯ, ತೆಗೆಯಲೇಬೇಕಾಗುತ್ತದೆ.

ಸ್ಕ್ರೂ ಎಣಿಸುವುದು

ಆಪರೇಷನ್ ಆದ ಮೇಲಿನ ಫಿಲ್ಮನ್ನು ಬೆಳಕಿಗೆ ಹಿಡಿದು ನೀವೇ ನೋಡಬಹುದು. ಮುರಿತದ ಪ್ರತಿ ಬದಿಯಲ್ಲಿ ಕಡಿಮೆಯೆಂದರೆ ಮೂರು ಸ್ಕ್ರೂ, ಪ್ರತಿಯೊಂದೂ ಎಲುಬಿನ ಎರಡು ಗೋಡೆಗಳನ್ನೂ ಹಿಡಿದಿರಬೇಕು. ಒಟ್ಟಿನಲ್ಲಿ ಬದಿಗೆ ಆರು ಹಿಡಿತ. ಇದಕ್ಕೆ ಏಳು ಅಥವಾ ಎಂಟು ತೂತಿನ ಪ್ಲೇಟು ಬೇಕಾಗುತ್ತದೆ. 3.5 ಮಿಲಿಮೀಟರಿನ ಸಾಮಾನ್ಯ ಸ್ಕ್ರೂವಿಗೆ 2.5ರ ಡ್ರಿಲ್, ಅದೇ ಅಳತೆಯ ಲಾಕಿಂಗ್ ಸ್ಕ್ರೂವಿಗೆ 2.8ರದ್ದು. ಮೇಲುಮೈಯ ಪ್ಲೇಟಿನಲ್ಲಿ ಸ್ಕ್ರೂ ಸಾಮಾನ್ಯವಾಗಿ 14ರಿಂದ 16 ಮಿಲಿಮೀಟರ್ ಉದ್ದ. ಮುರಿತದ ನೇರಕ್ಕೆ ಒಂದೆರಡು ತೂತು ಖಾಲಿ ಕಂಡರೆ ಗಾಬರಿ ಬೇಡ, ಚೂರಾದ ಎಲುಬಿಗೆ ಸೇತುವೆಯಾಗಿ ಪ್ಲೇಟು ಹಾಕುವಾಗ ಬೇಕೆಂದೇ ಬಿಡುತ್ತಾರೆ. ಸರಳ ಮುರಿತದಲ್ಲಿ ಸಂದು ಉಳಿದು, ಅದರ ಮೇಲೇ ಖಾಲಿ ತೂತು ಬಂದಿದ್ದರೆ ಮಾತ್ರ ಕೇಳಿ. ಪ್ಲೇಟು ತುಂಡಾಗುವುದು ಹೆಚ್ಚಾಗಿ ಅಂಥ ಜಾಗದಲ್ಲಿ.

ಹೆಗಲಿನ ತುದಿಯಲ್ಲಿ ಮುರಿದರೆ

ಇಲ್ಲಿ ಹೊರತುಂಡು ಚಿಕ್ಕದು, ಮೆತ್ತಗಿನದು. ದೊಡ್ಡ ಸ್ಕ್ರೂ ಎರಡು ಹಿಡಿಯುವಷ್ಟೂ ಜಾಗವಿಲ್ಲ. ಹೊರತುದಿಯಲ್ಲಿ ಅಗಲವಾಗಿ, ಐದಾರು ಸಣ್ಣ ಲಾಕಿಂಗ್ ಸ್ಕ್ರೂಗಳು ಬೇರೆ ಬೇರೆ ಕೋನದಲ್ಲಿ ಹೋಗುವಂತೆ ಮಾಡಿದ ಪ್ಲೇಟು ಇದಕ್ಕೆಂದೇ ಇದೆ. ಎಲುಬನ್ನು ಕೆಳಗಿನ ಕೊರಕಾಯ್ಡಿಗೆ (ಹೆಗಲ ಹಲಗೆಯ ಕೊಕ್ಕಿನಂಥ ಚಾಚು) ಕಟ್ಟುವ ಅಸ್ಥಿರಜ್ಜು ಹರಿದಿದ್ದರೆ ಪ್ಲೇಟಿನ ಜೊತೆ ಗಟ್ಟಿ ದಾರವನ್ನೂ ಹಾಕಿ ಬಿಗಿಯುತ್ತಾರೆ. ಅದಿಲ್ಲದೆ ಪ್ಲೇಟು ಮಾತ್ರ ಹಾಕಿದರೆ ಮೇಲಕ್ಕೆಳೆಯುವ ಬಲಕ್ಕೆ ಸಣ್ಣ ಸ್ಕ್ರೂಗಳು ಒಂದೊಂದಾಗಿ ಕಿತ್ತು ಬರುತ್ತವೆ.

ಸ್ಕ್ರೂ ಹಿಡಿಯುವಷ್ಟೂ ಎಲುಬಿಲ್ಲದಿದ್ದರೆ ಹುಕ್ ಪ್ಲೇಟು. ಅಡಿಕೆ ಕೊಯ್ಯುವ ದೋಟಿಯ ತುದಿಯಂತೆ ಇದರ ಕೊಕ್ಕೆ ಹೆಗಲಿನ ಚಾವಣಿ ಎಲುಬಿನ ಅಡಿಗೆ ಸಿಕ್ಕಿಕೊಂಡು ಕೊರಳೆಲುಬನ್ನು ಕೆಳಗೆ ಒತ್ತಿ ಹಿಡಿಯುತ್ತದೆ. ಹಿಡಿತ ಒಳ್ಳೆಯದೇ. ಆದರೆ ಕೈ ಎತ್ತಿದಾಗಲೆಲ್ಲ ಕೊಕ್ಕೆ ಮೇಲಿನ ಎಲುಬನ್ನು ಸವೆಸುತ್ತದೆ, ಕೆಳಗಿನ ಸ್ನಾಯುರಜ್ಜುವನ್ನು ಉಜ್ಜುತ್ತದೆ. ಆದ್ದರಿಂದ ಅದನ್ನು ತೆಗೆಯುವವರೆಗೆ ತೋಳನ್ನು ಹೆಗಲಿನ ಮಟ್ಟಕ್ಕಿಂತ ಮೇಲೆ ಎತ್ತುವಂತಿಲ್ಲ. ಎಲುಬು ಕೂಡಿದ ಕೂಡಲೇ, ಹೆಚ್ಚಾಗಿ 3ರಿಂದ 6 ತಿಂಗಳೊಳಗೆ, ತೆಗೆಸಲೇಬೇಕು. ಹುಕ್ ಪ್ಲೇಟು ಎಂದರೆ ಎರಡು ಆಪರೇಷನ್ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಗಲ್ಫಿಗೆ ಮರಳುವ ಟಿಕೆಟ್ ಕೈಯಲ್ಲಿಟ್ಟುಕೊಂಡವರು ಇದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ನೋವಿಲ್ಲವೆಂದು ಎರಡು ವರ್ಷ ಹಾಗೇ ಬಿಟ್ಟರೆ ಕೊಕ್ಕೆ ಚಾವಣಿಯನ್ನು ಕೊರೆದು ಹೊರಬರಬಹುದು.

ಎದೆಯ ತುದಿಯ ಮುರಿತ ಅಪರೂಪ, ನೂರಕ್ಕೆ ಎರಡು ಮೂರು. ಸಿಟಿ ಸ್ಕ್ಯಾನ್ ಇಲ್ಲದೆ, ಎದೆಯ ಶಸ್ತ್ರಚಿಕಿತ್ಸಕರು ಹತ್ತಿರವಿಲ್ಲದೆ ಅಲ್ಲಿ ಕೈಹಾಕಬಾರದು. ಅದಕ್ಕೆ ದೊಡ್ಡ ಆಸ್ಪತ್ರೆಗೇ ಹೋಗಿ.

ಈಗ ಲೋಹ

316ಎಲ್ ಸ್ಟೀಲು ಟೈಟಾನಿಯಂ ಮಿಶ್ರಲೋಹಕ್ಕಿಂತ ಸುಮಾರು ಎರಡು ಪಟ್ಟು ಬಿಗಿ. ಟೈಟಾನಿಯಂ ಹಗುರ, ತುಸು ಬಳುಕುತ್ತದೆ, ಎಂಆರ್‌ಐ ಚಿತ್ರವನ್ನು ಕಡಿಮೆ ಕೆಡಿಸುತ್ತದೆ. ಎರಡೂ ಲೋಹದಲ್ಲಿ ಎಲುಬು ಕೂಡುತ್ತದೆ. ಕರಾವಳಿಯ ಉಪ್ಪುಗಾಳಿಗೂ ಬೆವರಿಗೂ ಒಳಗಿನ ಪ್ಲೇಟು ತುಕ್ಕು ಹಿಡಿಯುವುದಿಲ್ಲ. ಅಗ್ಗದ ಕಿವಿಯೋಲೆಗೆ, ಬೆಲ್ಟಿನ ಬಕಲಿಗೆ ಚರ್ಮ ತುರಿಸಿ ಕೆಂಪಾಗುವವರಲ್ಲಿ ನಿಕ್ಕಲ್ ಅಲರ್ಜಿ ಇರಬಹುದು. ಸ್ಟೀಲಿನಲ್ಲಿ ನಿಕ್ಕಲ್ ಇದೆ, ಅಂಥವರಿಗೆ ಟೈಟಾನಿಯಂ. ಟೈಟಾನಿಯಮ್ಮಿನ ತೊಂದರೆ ತೆಗೆಯುವಾಗ ಕಾಣುತ್ತದೆ: ಲಾಕಿಂಗ್ ಸ್ಕ್ರೂವನ್ನು ಅಳತೆ ಮೀರಿ ಬಿಗಿದಿದ್ದರೆ ತಲೆ ಪ್ಲೇಟಿಗೆ ಬೆಸುಗೆ ಹಾಕಿದಂತೆ ಅಂಟಿ, ತಿರುಗಿಸಲು ಹೋದರೆ ಸವೆದುಹೋಗುತ್ತದೆ. 3.5ರ ಲಾಕಿಂಗ್ ಸ್ಕ್ರೂವಿಗೆ 1.5 ನ್ಯೂಟನ್ ಮೀಟರಿನ ಮಿತಿಯ ಸ್ಕ್ರೂಡ್ರೈವರ್ ಇರುವುದು ಅದಕ್ಕೇ. ಟೈಟಾನಿಯಂ ಪ್ಲೇಟಿಗೆ ಸ್ಟೀಲ್ ಸ್ಕ್ರೂ ಬೆರಸಬಾರದು.

ಪ್ಲೇಟು, ಸ್ಕ್ರೂಗಳ ಸ್ಟಿಕ್ಕರನ್ನು ಕೇಳಿ ಪಡೆದು ಡಿಸ್ಚಾರ್ಜ್ ಚೀಟಿಗೆ ಅಂಟಿಸಿಕೊಳ್ಳಿ. ಕಂಪನಿ, ಅಳತೆ, ಬ್ಯಾಚ್ ನಂಬರ್ ಅದರಲ್ಲಿರುತ್ತದೆ. ಮುಂದೆ ಬೇರೆ ಊರಿನಲ್ಲಿ ತೆಗೆಸಬೇಕಾದರೆ ಯಾವ ಸ್ಕ್ರೂಡ್ರೈವರ್ ತರಿಸಬೇಕೆಂದು ತಿಳಿಯುವುದು ಅದರಿಂದಲೇ. ಒಪ್ಪಿಗೆ ಪತ್ರ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದು ಓದಲು ಬಾರದಿದ್ದರೆ ಕನ್ನಡದಲ್ಲಿ ಬಿಡಿಸಿ ಹೇಳಿಸಿಕೊಂಡೇ ಸಹಿ ಹಾಕಿ. ಕಾಸರಗೋಡಿನಲ್ಲಿ ಕನ್ನಡ ಬಲ್ಲ ನರ್ಸೊಬ್ಬರು ಸಿಗದ ಆಸ್ಪತ್ರೆ ಕಡಿಮೆ. ಕೇರಳ ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡು ಇರುವವರು ಪ್ಯಾಕೇಜಿನಲ್ಲಿ ಪ್ಲೇಟಿನ ಬೆಲೆ ಸೇರಿದೆಯೇ, ಗಡಿ ದಾಟಿ ಮಂಗಳೂರಿಗೆ ಹೋದರೆ ಆ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತದೆಯೇ ಎಂದು ಸೇರುವ ಮೊದಲು ವಿಚಾರಿಸಿ.

ಆಪರೇಷನ್ ನಂತರ

ಮೊದಲ ಎರಡು ವಾರ ಸ್ಲಿಂಗ್. ಬೆರಳು, ಮಣಿಕಟ್ಟು, ಮೊಣಕೈ ಮೊದಲ ದಿನದಿಂದಲೇ ಆಡಿಸಿ. ಮುಂದಕ್ಕೆ ಬಾಗಿ ಕೈಯನ್ನು ಇಳಿಬಿಟ್ಟು ತೂಗಾಡಿಸುವ ವ್ಯಾಯಾಮ ಡಾಕ್ಟರು ಹೇಳಿದ ದಿನದಿಂದ. ಆರು ವಾರದ ತನಕ ತೋಳು ಹೆಗಲಿನ ಮಟ್ಟ ದಾಟುವುದು ಬೇಡ, ತುಂಬಿದ ಕೊಡ ಎತ್ತುವುದು ಬೇಡ. ಆರನೇ ವಾರ ಒಂದು ಫಿಲ್ಮು, ಹನ್ನೆರಡನೇ ವಾರ ಇನ್ನೊಂದು. ಎಲುಬು ಕೂಡಿದ್ದು ಎರಡನೆಯದರಲ್ಲಿ ಕಂಡ ಮೇಲೆ ಹೊರೆ, ಪಂಪು, ಮರ. ನೋವು ಹೋದದ್ದು ಎಲುಬು ಕೂಡಿದ್ದಕ್ಕೆ ಸಾಕ್ಷಿಯಲ್ಲ. ಗಟ್ಟಿ ಪ್ಲೇಟು ಎರಡೇ ವಾರಕ್ಕೆ ನೋವು ಅಳಿಸಿಬಿಡುತ್ತದೆ, ಜನ ಕೆಡುವುದು ಅಲ್ಲೇ. ಬೀಡಿ ಸಿಗರೇಟು ಎಲುಬು ಕೂಡುವುದನ್ನು ತಡೆಯುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಕೀವಾಗುತ್ತದೆ.

ಗಾಯದ ಕೆಳಗೆ ಅಂಗೈಯಗಲ ಮರಗಟ್ಟಿದರೆ ಹೆದರಬೇಡಿ. ಕೊರಳೆಲುಬನ್ನು ದಾಟಿ ಇಳಿಯುವ ಸಣ್ಣ ಚರ್ಮದ ನರಗಳು ಕತ್ತರಿಸಿರುತ್ತವೆ, ತಿಂಗಳುಗಳಲ್ಲಿ ಆ ಜಾಗ ಕುಗ್ಗುತ್ತದೆ, ಕೆಲವರಲ್ಲಿ ಸ್ವಲ್ಪ ಉಳಿದೇಬಿಡುತ್ತದೆ. ಹೆದರಬೇಕಾದವು ಬೇರೆ. ಆಪರೇಷನ್ ಆದ ದಿನ ಉಸಿರು ಕಟ್ಟಿದರೆ, ಕೈ ತಣ್ಣಗಾಗಿ ಬಿಳಿಚಿದರೆ, ಬೆರಳು ಎತ್ತಲಾಗದಿದ್ದರೆ ತಕ್ಷಣ ಹೇಳಬೇಕು. ಗಾಯದಿಂದ ನೀರೊಸರುತ್ತಲೇ ಇದ್ದರೆ ಒಳಗೆ ಸೋಂಕು ಇರಬಹುದು. ಎರಡು ಮೂರು ತಿಂಗಳಲ್ಲಿ ಕಟ್ಟೆಂದು ಸದ್ದಾಗಿ ನೋವು ಮರಳಿದರೆ, ಉಬ್ಬು ಹೊಸದಾಗಿ ಕಂಡರೆ ಪ್ಲೇಟು ಬಗ್ಗಿದೆ ಅಥವಾ ಮುರಿದಿದೆ. ಮುರಿದದ್ದು ಪ್ಲೇಟಿನ ಕಳಪೆಯಿಂದಲೇ ಎಂದು ಜಗಳಕ್ಕೆ ಹೋಗುವ ಮೊದಲು ಎಲುಬು ಕೂಡಿತ್ತೇ ನೋಡಿ. ಕೂಡದ ಎಲುಬಿನ ಮೇಲೆ ಯಾವ ಪ್ಲೇಟೂ ಬಹುಕಾಲ ಭಾರ ಹೊರಲಾರದು, ಎಳೆತ ಬಿದ್ದು ಬಿದ್ದು ಲೋಹವೇ ದಣಿಯುತ್ತದೆ.

ತೊಂದರೆ ಕೊಡದ ಪ್ಲೇಟನ್ನು ತೆಗೆಸಬೇಕಾದ್ದಿಲ್ಲ. ವಿಮಾನ ನಿಲ್ದಾಣದಲ್ಲಿ ಯಂತ್ರ ಕಿರುಚಿದರೆ ಡಿಸ್ಚಾರ್ಜ್ ಚೀಟಿ ತೋರಿಸಿ ವಿಷಯ ಹೇಳಿ. ಒತ್ತುತ್ತದೆ ಎಂದು ತೆಗೆಸುವುದಾದರೆ ಒಂದು ವರ್ಷ, ಒಂದೂವರೆ ವರ್ಷ ಕಳೆಯಲಿ. ಹುಕ್ ಪ್ಲೇಟಿಗೆ ಮಾತ್ರ ಈ ಲೆಕ್ಕವಿಲ್ಲ. ಉಳಿದ ಪ್ಲೇಟುಗಳಲ್ಲಿ ಅವಸರ ಮಾಡಿದರೆ ಹಳೇ ಮುರಿತವೇ ಮತ್ತೆ ಬಿಡುತ್ತದೆ. ತೆಗೆದ ಮೇಲೆ ಸ್ಕ್ರೂ ಇದ್ದ ಜಾಗ ತೂತು ತೂತಾಗಿ ಉಳಿದಿರುತ್ತದೆ, ಅದು ತುಂಬಿಕೊಳ್ಳುವವರೆಗೆ ಎಲುಬು ಬಡಕಲು. ಕೈಯನ್ನು ಮರುದಿನವೇ ಆಡಿಸಬಹುದು, ಬೈಕು, ಹೊರೆ, ಮರ ಏರುವುದು ಎರಡು ಮೂರು ತಿಂಗಳು ಬೇಡ. ಅಡಿಕೆ ಕೊಯ್ಲಿನ ತಿಂಗಳು ನೋಡಿಕೊಂಡು ತೆಗೆಸುವ ದಿನ ಗೊತ್ತುಮಾಡಿ.